ತುದಿಗಾಲುವೆಯವರ ಗಾಣ

ಒಳ್ಳೆಯ ಕೆಲಸಕ್ಕೆಂದು ಟೊಂಕ ಕಟ್ಟಿ ನಿಂತವರನ್ನು ಮೊದಲ ದಿನ ಬಾಯ್ತುಂಬ ಹೊಗಳಿ, ಅವರು ಎಡವುವುದನ್ನು ಕಂಡೂ ತುಟಿ ಬಿಚ್ಚದೆ ಕುಳಿತು, ಅವರು ಬಿದ್ದ ದಿನ ಎಲ್ಲರಿಗಿಂತ ಮೊದಲು "ಇಂಥವರಿಗೆ ಆಡಳಿತ ತಿಳಿಯದು" ಎಂದು ತೀರ್ಪು ಕೊಟ್ಟವರಲ್ಲಿ, ಓದುಗರೇ, ನೀವೂ ಒಬ್ಬರಲ್ಲವೇ? ಉತ್ತರ ಹೇಳಲು ಅವಸರ ಬೇಡ. ಕಂಪ್ಲಿಯ ವಿರುಪಮ್ಮನಿಗೆ ಏನಾಯಿತೆಂಬುದನ್ನು ಪೂರ್ತಿ ಕೇಳಿರಿ.

ಮದರಾಸು ಸರ್ಕಾರದ ಕಾಲ; ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿಯ ಸುಮಾರು. ಕಂಪ್ಲಿಯ ಹೊಲಗಳಿಗೆ ನೀರು ಕೊಡುತ್ತಿದ್ದುದು ವಿಜಯನಗರದ ಅರಸರು ತೋಡಿಸಿದ ಹಳೆಯ ಕಾಲುವೆ. ಅದರ ಎರಡು ದಂಡೆಯಲ್ಲೂ ಕಬ್ಬು. ಕಬ್ಬು ಬೆಳೆಯುವವರು ನೂರಾರು ಮಂದಿಯಿದ್ದರೂ ಅದನ್ನು ಅರೆಯುವ ಕಬ್ಬಿಣದ ಗಾಣ ಇದ್ದದ್ದು ಒಂದೇ ಮನೆಯವರ ಬಳಿ. ಅವರು ಗಾಣವನ್ನೂ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನೂ ಬಾಡಿಗೆಗೆ ಕೊಡುತ್ತಿದ್ದರು. ಯಾರ ಕಬ್ಬು ಮೊದಲು, ಯಾರದು ಆಮೇಲೆ ಎಂಬ ಪಾಳಿಯನ್ನು ಅವರೇ ಹೇಳುತ್ತಿದ್ದರು. ಕಾಲುವೆಯ ನೀರು ಹರಿದಂತೆ ಪಾಳಿ: ಮೇಲುಗಾಲುವೆಯ ದೊಡ್ಡ ಹೊಲಗಳಿಗೆ ಮೊದಲು, ತುದಿಯ ಚೂರುಪಾರು ಹೊಲಗಳಿಗೆ ಕಡೆಗೆ. ತುದಿಯವರ ಸರದಿ ಬರುವ ಹೊತ್ತಿಗೆ ಬಿಸಿಲೇರಿ, ಹಣ್ಣಾದ ಕಬ್ಬು ತುದಿಯಲ್ಲಿ ಹೂಬಿಟ್ಟು, ಸೂಲಂಗಿ ಹೊಡೆದು ಒಳಗೆಲ್ಲ ಬೆಂಡಾಗಿರುತ್ತಿತ್ತು.

ವಿರುಪಮ್ಮನಿಗೆ ಇದ್ದದ್ದು ತುದಿಯಲ್ಲಿ ಎರಡು ಎಕರೆ. ಗಂಡ ತೀರಿಕೊಂಡ ವರ್ಷ ಅವಳು ಎಪ್ಪತ್ತು ದಿನ ಕಾದಳು. ಕಡೆಗೆ ಗಾಣದ ಮನೆಯ ಜಗಲಿಯ ಕೆಳಗೆ ನಿಂತು ಕೇಳಿದಾಗ ಮಾಲೀಕ ಅಡಿಕೆ ಕತ್ತರಿಸುತ್ತಲೇ, "ತುದಿಯವರು ಕಾಯಬೇಕವ್ವಾ. ನೀರು ಹೆಂಗ ಬರತೈತೋ ಗಾಣನೂ ಹಂಗ ಬರತೈತಿ" ಎಂದ. ಆ ವರ್ಷ ಅವಳ ಎರಡು ಎಕರೆ ದನಗಳಿಗೆ ಮೇವಾಯಿತು.

ಮರುವರ್ಷದಿಂದ ಅವಳು ಮನೆಮನೆಗೆ ನಡೆದಳು. ಹೆಂಗಸು ಸಂಘ ಕಟ್ಟುವುದೇ ಎಂದು ನಕ್ಕವರ ಮನೆಗೆ ಎರಡು ಸಲ ಹೋದಳು, ಬಾಗಿಲು ಹಾಕಿಕೊಂಡವರ ಮನೆಗೆ ಮೂರು ಸಲ. ಎರಡು ವರ್ಷಗಳಲ್ಲಿ ಅವಳೂ ಸೇರಿ ಮೂವತ್ತೊಂದು ಮಂದಿಯಾದರು. ಮೇಲುಗಾಲುವೆಯ ಜಡೆಪ್ಪನೂ ಸೇರಿದ. ಮೊದಲ ಪಾಳಿ ಸಿಗುತ್ತಿದ್ದ ನಿನಗೆ ಸಂಘವೇಕೆ ಎಂದು ಜನ ಕೇಳಿದರೆ, "ಆ ಜಗಲಿ ಮುಂದ ಚಪ್ಪಲಿ ಬಿಟ್ಟು ನಿಂದ್ರೋದು ನನಗೂ ಸಾಕಾಗೈತಿ" ಎಂದ. ಬಳ್ಳಾರಿಯ ಕಚೇರಿಯಲ್ಲಿ ಕಬ್ಬು ಬೆಳೆಗಾರರ ಸಹಕಾರ ಸಂಘ ರಿಜಿಸ್ಟರಾಯಿತು. ವಿರುಪಮ್ಮ ಅಧ್ಯಕ್ಷೆ. ಗಾಣ ನಡೆಸುವ ಹೊಣೆಯೂ ಅವಳದೇ.

ಮೂರು ಉರುಳೆಯ ಎರಡು ಕಬ್ಬಿಣದ ಗಾಣಗಳು ಹೊಸಪೇಟೆಯ ರೈಲು ನಿಲ್ದಾಣಕ್ಕೆ ಬಂದಿಳಿದ ದಿನ ಸಂಘದವರೆಲ್ಲ ಬಂಡಿ ಕಟ್ಟಿಕೊಂಡು ಹೋದರು. ಮರಳುವಾಗ ದಾರಿ ಬಳಸಿ ಹಂಪಿಗೆ ಹೋಗಿ ಹೊಳೆಯಲ್ಲಿ ಕಾಲಿಟ್ಟು ನಿಂತರು. ವಿರುಪಮ್ಮ ಬೊಗಸೆಯಲ್ಲಿ ನೀರು ಹಿಡಿದು, "ನಮ್ಮ ಗಾಣದಾಗ ಪಾಳಿ ಕಾಲುವಿ ತುದಿಯಿಂದ ಸುರುವಾಗಲಿ. ಇನ್ಮ್ಯಾಲೆ ತುದಿಯವರು ಕಾಯಂಗಿಲ್ಲ" ಎಂದಳು. ಎಲ್ಲರೂ ಹೂಂ ಎಂದರು. ಅವಳದೂ ಸೇರಿ ಕೆಲವರ ಕಣ್ಣು ತುಂಬಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೂಂ ಎಂದವರಲ್ಲಿ ಕಬ್ಬು ಕಾಣದವರು ಒಬ್ಬರಾದರೂ ಇದ್ದರೇ? ತುದಿಗೆ ನೀರು ತಡವಾಗಿ ಮುಟ್ಟುತ್ತದೆ, ಆದ್ದರಿಂದ ಅಲ್ಲಿ ನಾಟಿ ತಡ, ಕಬ್ಬು ಹಣ್ಣಾಗುವುದೂ ತಡ. ಇದು ಆ ಹೊಳೆಯಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ತಿಳಿದಿತ್ತು. ಪಾಳಿಯನ್ನು ತಲೆಕೆಳಗು ಮಾಡಿದರೆ ಹಸಿ ಕಬ್ಬು ಮೊದಲು ಗಾಣಕ್ಕೆ ಬೀಳುತ್ತದೆಂದು ಒಬ್ಬನೂ ಬಾಯಿಬಿಡಲಿಲ್ಲ. ಅದಕ್ಕೆ ಗೌರವವೆಂದು ಹೆಸರು. ಅಂಥ ಗೌರವಕ್ಕಿಂತ ಬೈಗುಳ ಎಷ್ಟೋ ಲೇಸು.

ಎಳ್ಳಮಾಸಿ ಕಳೆದ ಮೂರನೆಯ ದಿನ ಗಾಣ ಹೂಡಿದರು. ಮೊದಲ ಪಾಳಿ ಮೂಕಪ್ಪನದು. ಕಾಲುವೆಯ ಕಟ್ಟಕಡೆಯ ಹೊಲ ಅವನದು, ಬರಿಯ ಅರ್ಧ ಎಕರೆ. ಆ ದಿನ ಅವನು ಒಗೆದ ಧೋತರ ಉಟ್ಟು, ಎತ್ತುಗಳ ಕೊಂಬಿಗೆ ಎಣ್ಣೆ ಸವರಿ ಬಂದಿದ್ದ.

ಬೆಲ್ಲದ ಪಾಕ ನೋಡಲು ದರೋಜಿಯಿಂದ ಎರ್ರಿಯಪ್ಪನನ್ನು ಕರೆಸಿದ್ದರು. ನಲವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತು ರೆಪ್ಪೆಗೂದಲು ಸುಟ್ಟುಕೊಂಡಿದ್ದ ಮುದುಕ. ಅವನು ಹೊರೆಯಿಂದ ಒಂದು ಜಲ್ಲೆ ಎಳೆದು, ಬುಡ ಅಗಿದ, ನಡು ಅಗಿದ, ಮೇಲಿನ ಗಣ್ಣು ಅಗಿದು ಉಗಿದ.

"ಅಕ್ಕಾ, ಇದಿನ್ನೂ ಹಸುಗೂಸು. ಬುಡ ಸೀ ಐತಿ, ಮ್ಯಾಲ ಬರೇ ನೀರು. ಶಿವರಾತ್ರಿ ತನಕ ಹೊಲದಾಗ ಇರಲಿ ಬಿಡ್ರಿ."

ವಿರುಪಮ್ಮನ ಕಿವಿಗೆ ಬಿದ್ದದ್ದು ಮುದುಕನ ಮಾತಲ್ಲ, ಅಡಿಕೆ ಕತ್ತರಿಸುತ್ತಿದ್ದವನ ಮಾತು.

"ಕಾಯ್ರಿ, ಕಾಯ್ರಿ ಅಂಬೋದನ್ನ ತುದಿಯವರು ಹುಟ್ಟಿದಾಗಿಂದ ಕೇಳ್ಯಾರ ಎರ್ರಿಯಪ್ಪಜ್ಜ. ಈ ಗಾಣದಾಗ ಆ ಮಾತು ಬ್ಯಾಡ."

"ಕಾಯ್ರಿ ಅಂತ ನಾನೆಲ್ಲಿ ಅಂದೆ? ಕಬ್ಬು ಅಂತೈತಿ."

ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. "ಕೊಪ್ಪರಿಗಿ ಇಡ್ರಿ" ಎಂದಳು.

ಎರ್ರಿಯಪ್ಪ ತನಗೆ ತಿಳಿದ ಉಪಾಯಗಳನ್ನೆಲ್ಲ ಮಾಡಿದ. ಸುಣ್ಣದ ತಿಳಿ ಹಾಕಿದ, ಬೆಂಡೆಗಿಡದ ಲೋಳೆ ಹಾಕಿ ಕೊಳೆ ತೆಗೆದ, ಉರಿ ಏರಿಸಿದ, ಇಳಿಸಿದ. ಪಾಕ ಕೆಂಪಾಯಿತು, ಕಪ್ಪಾಯಿತು, ಗಟ್ಟಿಯಾಗಲಿಲ್ಲ. ಬಟ್ಟೆ ಹಾಸಿದ ಗುಂಡಿಗೆ ಸುರಿದರೆ ಮರುದಿನಕ್ಕೆ ಗಟ್ಟಿ ಮುದ್ದೆಯಾಗಿ, ಪೆಂಟೆಯಾಗಿ ಕೂರಬೇಕಾದದ್ದು ಅಂಬಲಿಯಂತೆ ಅಲುಗುತ್ತಿತ್ತು. "ಹೊಸ ಕೊಪ್ಪರಿಗಿ, ಪಳಗಿಲ್ಲ" ಎಂದು ಯಾರೋ ಸಮಾಧಾನ ಹೇಳಿದರು. ವಿರುಪಮ್ಮ ಅದನ್ನೇ ನಂಬಿದಳು, ಏಕೆಂದರೆ ನಂಬಲು ಅವಳಿಗೆ ಮನಸ್ಸಿತ್ತು. ತುದಿಯ ಇನ್ನೂ ಇಬ್ಬರ ಕಬ್ಬು ಅದೇ ಹಾದಿ ಹಿಡಿಯಿತು.

ಬೆಲ್ಲವನ್ನು ಬಂಡಿಗೆ ಹೇರಿ ಅವಳೇ ಹೊಸಪೇಟೆಗೆ ಹೋದಳು. ಸಂಘದ ಬೆಲ್ಲ ಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದವನು ಅಲ್ಲಿನ ದೊಡ್ಡ ವ್ಯಾಪಾರಿ ಕೊಟ್ರಬಸಪ್ಪ. ಕಂಪ್ಲಿ ಬಿಡುವಾಗ ಗೋಣಿ ಒಣಗಿದ್ದವು. ಪೇಟೆ ಮುಟ್ಟುವಾಗ ಬಂಡಿಯ ಹಿಂದೆ ದಾರಿಯುದ್ದಕ್ಕೂ ನೊಣ.

ಹಮಾಲಿಯೊಬ್ಬ ಗೋಣಿ ಮುಟ್ಟಿ ಕೈ ನೆಕ್ಕಿ, "ಧಣಿ, ತಕ್ಕಡಿ ಬ್ಯಾಡ್ರಿ, ಕೊಡ ತರ್ರಿ" ಎಂದ. ಅಂಗಡಿಯ ಮುಂದಿನವರೆಲ್ಲ ನಕ್ಕರು.

ಕೊಟ್ರಬಸಪ್ಪ ಅವರನ್ನು ಗದರಿಸಿ, ವಿರುಪಮ್ಮನಿಗೆ ಚಾಪೆ ಹಾಕಿಸಿದ. "ಕುಂದ್ರಿ ತಾಯಿ. ನೀವು ಕಟ್ಟಿದ್ದು ಸಣ್ಣ ಕೆಲಸಲ್ಲ, ಯಾರೂ ಅಲ್ಲ ಅನ್ನಂಗಿಲ್ಲ. ಆದ್ರ ಕಟ್ಟಿದ ಕೈಯಿಂದ ನಡಸಾಕ ಆಗಂಗಿಲ್ರಿ. ನಿಮ್ಮ ಎದಿ ಏನು ಬೇಡತೈತೋ ನಿಮ್ಮ ಕಣ್ಣು ಅದನ್ನೇ ನೋಡತಾವು. ನಡಸೋನಿಗೆ ತಣ್ಣನ ತಲಿ ಬೇಕು. ನಮ್ಮ ಪಂಪಣ್ಣ ಅದಾನ. ಸಂಡೂರು ಗುಡ್ಡದಾಗ ಮ್ಯಾಂಗನೀಸ್ ಗುತ್ತಿಗೆದಾರರ ಹತ್ರ ಆರು ವರ್ಷ ಮುನ್ನೂರು ಆಳಿನ ಕೆಲಸ ನೋಡ್ಯಾನ. ಅವನ್ನ ಮ್ಯಾನೇಜರ್ ಮಾಡ್ರಿ, ನಿಮ್ಮ ಬೆಲ್ಲ ಎಲ್ಲಾ ನಾನು ತಗೋತೀನಿ. ಇಲ್ಲಂದ್ರ ಈ ವರ್ಷ ಆಗಂಗಿಲ್ಲ."

"ನಾನೇನು ಮಾಡಬೇಕ್ರಿ?"

"ಅಧ್ಯಕ್ಷರಾಗೇ ಇರ್ರಿ. ವರ್ಷಕ್ಕೊಂದು ಸಲ ಬಂದು ಗಾಣಕ್ಕ ಪೂಜಿ ಮಾಡ್ರಿ."

"ಪೂಜಿ ಮಾಡಾಕ ಪೂಜಾರಿ ಅದಾನ್ರಿ" ಎಂದು ಅವಳು ಎದ್ದಳು.

ಮಾತಿನಲ್ಲಿ ಗೆದ್ದಳು ಎನ್ನಿ. ಆದರೆ ಮರಳುವ ದಾರಿಯಲ್ಲಿ, ಎತ್ತು ಎಳೆದಂತೆ ಬಂಡಿ ಸಾಗುತ್ತಿದ್ದಾಗ, ವ್ಯಾಪಾರಿಯ ಒಂದು ಮಾತು ಮುಳ್ಳಿನಂತೆ ಒಳಗೆ ಉಳಿದಿತ್ತು. ಎದೆ ಬೇಡಿದ್ದನ್ನೇ ಕಣ್ಣು ನೋಡಿತೇ? ಎರ್ರಿಯಪ್ಪ ಅಗಿದು ಉಗಿದದ್ದನ್ನು ಅವಳು ಕಂಡಿದ್ದಳು. ತಾನೂ ಒಂದು ತುಂಡು ಅಗಿದು ನೋಡಬಹುದಿತ್ತು. ನೋಡಲಿಲ್ಲ. ಹದಿನೈದು ವರ್ಷ ಕಬ್ಬು ಬೆಳೆದವಳು, ಬಾಯಿಗೊಂದು ಚೂರು ಹಾಕಿಕೊಳ್ಳಲು ಹೆದರಿದ್ದಳು. ಈ ಸತ್ಯವನ್ನು ಅವಳಿಗೆ ಬೇರೆ ಯಾರೂ ಹೇಳಲಿಲ್ಲ, ಅವಳೇ ಹೇಳಿಕೊಂಡಳು. ಆಡಳಿತಕ್ಕೆ ಯೋಗ್ಯತೆ ಎಂಬುದೊಂದಿದ್ದರೆ ಅದು ಹುಟ್ಟುವುದು ಇಂಥ ಕಡೆಯಲ್ಲಿ.

ಊರಿಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ನಾಲ್ಕು ದಿನ ಕಳೆದು ಸಭೆ ಕರೆಯಬೇಕೆಂದೂ, ಪಂಪಣ್ಣನನ್ನು ಮ್ಯಾನೇಜರ್ ಮಾಡುವ ಗೊತ್ತುವಳಿಯನ್ನು ತಾನೇ ತರುತ್ತೇನೆಂದೂ ಜಡೆಪ್ಪ ಹೇಳಿ ಕಳಿಸಿದ್ದ.

ಮರುದಿನ ಬೆಳಿಗ್ಗೆ ವಿರುಪಮ್ಮ ಗಾಣದ ಎತ್ತುಗಳ ನೊಗ ಬಿಚ್ಚಿಸಿದಳು. ಮುಂದಿನ ಪಾಳಿಯವರು ಕಬ್ಬು ಕಡಿಯದಂತೆ ಹೇಳಿ ಕಳಿಸಿ, ಎರ್ರಿಯಪ್ಪನ ಮುಂದೆ ನಿಂತಳು.

"ಅಜ್ಜ, ನನಗ ಕಬ್ಬು ನೋಡೋದನ್ನ ಕಲಸು."

"ಇಷ್ಟು ವರ್ಷ ಹೊಲದಾಗ ಏನು ಬೆಳದ್ರಿ, ಜ್ವಾಳನ?"

"ಅನ್ನು. ಇನ್ನೂ ಎರಡು ಮಾತು ಅನ್ನು. ಅಂದು ಮುಗಿಸಿ ಕಲಸು."

ಮುದುಕ ಅವಳ ಮುಖವನ್ನೊಮ್ಮೆ ನೋಡಿ ಕುಡುಗೋಲು ಎತ್ತಿಕೊಂಡ. ಜಲ್ಲೆಯನ್ನು ಓರೆಯಾಗಿ ಕೊಯ್ದು, ಕೊಯ್ದ ಮುಖವನ್ನು ಬಿಸಿಲಿಗೆ ಹಿಡಿದ. ಹಣ್ಣಾದ ಕಬ್ಬಾದರೆ ಅಲ್ಲಿ ಸಣ್ಣ ಸಣ್ಣ ಕಣಗಳು ಮಿರುಗುತ್ತವೆ. ಹಸಿಯಾದರೆ ಬರಿಯ ಒದ್ದೆ. ಬುಡದ ಸಿಹಿಯೂ ಮೇಲಿನ ಗಣ್ಣಿನ ಸಿಹಿಯೂ ಹತ್ತಿರ ಹತ್ತಿರ ಬಂದಿರಬೇಕು. ಮುಚ್ಚುಮರೆ ಏನೂ ಇಲ್ಲ, ಕಣ್ಣೂ ನಾಲಿಗೆಯೂ ಇದ್ದರೆ ಸಾಕು.

ಮೂರು ದಿನ ಅವರಿಬ್ಬರೂ ಕಾಲುವೆಯುದ್ದಕ್ಕೂ ನಡೆದರು. ಮೂವತ್ತೊಂದು ಮಂದಿಯ ಒಂದೊಂದು ಹೊಲದಲ್ಲಿಯೂ ಇಳಿದು, ನಾಲ್ಕು ಕಡೆ ಕೊಯ್ದು, ಬಿಸಿಲಿಗೆ ಹಿಡಿದು, ಅಗಿದು ನೋಡಿದರು. ಸಂಜೆಗೆ ಇಬ್ಬರ ನಾಲಿಗೆಯೂ ಒರಟಾಗುತ್ತಿತ್ತು.

ಮೊದಲ ಪಾಕ ಕೆಟ್ಟ ಮೇಲೆ ಮೂಕಪ್ಪ ಕಡಿಯುವುದನ್ನು ನಿಲ್ಲಿಸಿದ್ದ; ಅವನ ಹೊಲದಲ್ಲಿ ಮುಕ್ಕಾಲು ಪಾಲು ಕಬ್ಬು ಇನ್ನೂ ನಿಂತಿತ್ತು. ಅವನು ದಂಡೆಯ ಮೇಲೆ ಕುಳಿತು ನೆಲ ಕೆರೆಯುತ್ತ ಹೇಳಿದ: "ಹಸಿ ಐತಿ ಅಂತ ನನಗೂ ಗೊತ್ತಿತ್ತಕ್ಕ."

"ಗೊತ್ತಿದ್ದು ಯಾಕ ಕಡದಿ?"

"ನಮ್ಮಪ್ಪಗ, ನಮ್ಮಜ್ಜಗ ಯಾರಿಗೂ ಮೊದಲ ಪಾಳಿ ಬಂದಿದ್ದಿಲ್ಲ. ನೀನು ಕರದು ಕೊಟ್ಟಿ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ."

ವಿರುಪಮ್ಮ ಕುಡುಗೋಲು ಎತ್ತಿಕೊಂಡು ಮುಂದಿನ ಹೊಲಕ್ಕೆ ಇಳಿದಳು.

ತುದಿಯಲ್ಲೇ ಹುಲುಗಮ್ಮ ಎಂಬವಳ ಹೊಲದಲ್ಲಿ ಕಬ್ಬು ಆಗಲೇ ಹಣ್ಣಾಗಿತ್ತು, ಏಕೆಂದರೆ ಅದು ಹಿಂದಿನ ವರ್ಷದ ಬುಡದಿಂದ ಚಿಗುರಿದ ಕೂಳೆ ಕಬ್ಬು. ಕೂಳೆ ಬೇಗ ಬರುತ್ತದೆ. ಮೇಲುಗಾಲುವೆಯಲ್ಲಿ ನೀರು ತುಂಬಿದ ಕೆಲವು ಹೊಲಗಳು ಇನ್ನೂ ಹಸಿ. ಮೇಲೆ, ಕೆಳಗೆ ಎಂಬ ಲೆಕ್ಕವೇ ಅಲ್ಲಿ ನಡೆಯುತ್ತಿರಲಿಲ್ಲ. ಗಾಣದ ಮನೆಯವರು ಕಾಲುವೆಯನ್ನು ನೋಡಿ ಪಾಳಿ ಹೇಳಿದ್ದರು. ಅವಳೂ ಕಾಲುವೆಯನ್ನೇ ನೋಡಿ, ತಿರುಗಿಸಿ ಹೇಳಿದ್ದಳು. ಕಬ್ಬನ್ನು ಇಬ್ಬರೂ ನೋಡಿರಲಿಲ್ಲ.

ಮೂರನೆಯ ದಿನ ಜಡೆಪ್ಪನ ಹೊಲ. ಅವನು ಬದುವಿನ ಮೇಲೆ ನಿಂತಿದ್ದ.

"ಅಧ್ಯಕ್ಷರು ಮ್ಯಾಲಗಾಲುವಿಗೆ ಬಂದ್ರಲ್ಲ, ದಾರಿ ತಪ್ಪಿತೇನು?"

"ತಪ್ಪಿತ್ತು. ಈಗ ಹುಡುಕಾಕ ಹತ್ತೀನಿ." ಅವಳು ಜಲ್ಲೆ ಕೊಯ್ದು ಬಿಸಿಲಿಗೆ ಹಿಡಿದಳು. ಕೊಯ್ದ ಮುಖವೆಲ್ಲ ಮಿರುಗಿತು. "ಇದು ಹಣ್ಣಾಗಿ ಹತ್ತು ದಿನ ಆಗೈತಿ ಜಡೆಪ್ಪ."

"ನನಗ ಗೊತ್ತು."

"ಯಾಕ ಹೇಳಲಿಲ್ಲ?"

"ಹೇಳಿದ್ರ, ನೋಡ್ರಲೇ, ಮ್ಯಾಲಗಾಲುವಿಯಾಂವ ಮೊದಲ ಪಾಳಿ ಕೇಳಾಕ ಬಂದ, ಅಂತಿದ್ದಿ."

ಅವಳು ಸುಳ್ಳು ಹೇಳಲಿಲ್ಲ. "ಅಂತಿದ್ದೆ" ಎಂದಳು.

"ಸಭಾದಾಗ ನಾನು ಪಂಪಣ್ಣನ ಪರ ಅಕ್ಕ. ಬಚ್ಚಿಡೋದೇನಿಲ್ಲ."

"ಬಚ್ಚಿಡಬ್ಯಾಡ. ಹಸನಾಗಿ ಮಾತಾಡು."

ಸಭೆ ಸೇರಿದ್ದು ಆಲೆಮನೆಯ ಅಂಗಳದಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಮೂವತ್ತೊಂದು ಮಂದಿಯೂ ಬಂದಿದ್ದರು. ಹೊಸಪೇಟೆಯಿಂದ ಕೊಟ್ರಬಸಪ್ಪ ಬಂದಿರಲಿಲ್ಲ. ಕರಿ ಕೋಟು ತೊಟ್ಟ ಪಂಪಣ್ಣ ಬಂದಿದ್ದ.

ಸಭೆಯಲ್ಲಿ ತೀರ್ಮಾನವಾಗಬೇಕಾದದ್ದು ವಿರುಪಮ್ಮನ ಕುರ್ಚಿಯಷ್ಟೇ ಅಲ್ಲವೆಂಬುದನ್ನು ಅವಳು ಬಲ್ಲಳು. ವ್ಯಾಪಾರಿ ಕಳಿಸಿದ ಕೈಗೆ ಗಾಣ ಹೋದರೆ, ಇನ್ನೆರಡು ವರ್ಷಕ್ಕೆ ಮತ್ತೊಂದು ಜಗಲಿ ಎದ್ದು ನಿಲ್ಲುತ್ತದೆ. ಹಾಗೆಂದು ಅವಳೇ ಉಳಿದು ಮತ್ತೆ ಹಸಿ ಕಬ್ಬು ಅರೆಸಿದರೆ ಸಂಘವೂ ಉಳಿಯುವುದಿಲ್ಲ, ಗಾಣವೂ ಉಳಿಯುವುದಿಲ್ಲ. ಅವಳೇ ಮೊದಲು ಎದ್ದು ನಿಂತಳು.

"ಮೂರು ಮಂದಿ ಕಬ್ಬು ಹಾಳಾತು. ಕೊಪ್ಪರಿಗಿ ತಪ್ಪಲ್ಲ, ಎರ್ರಿಯಪ್ಪಜ್ಜನ ತಪ್ಪಲ್ಲ. ಅವನು ಹೇಳಿದ್ದ, ನಾನು ಕೇಳಲಿಲ್ಲ. ತಪ್ಪು ನಂದು. ಆ ಮೂರು ಮಂದಿಗೆ ಎಷ್ಟು ಬೆಲ್ಲ ಹೋತೋ ಅಷ್ಟು ನನ್ನ ಹೊಲದ ಬೆಲ್ಲದಾಗ ಕೊಡ್ತೀನಿ. ಜಡೆಪ್ಪನ ಕಬ್ಬು ಹಣ್ಣಾಗಿ ನಿಂತೈತಿ, ಅದೂ ನನ್ನಿಂದನ. ಇನ್ಮ್ಯಾಲೆ ಪಾಳಿ ತುದಿಯಿಂದಲ್ಲ, ಮ್ಯಾಲಿಂದನೂ ಅಲ್ಲ. ಹೊಲದಾಗ ಕಬ್ಬು ಕೊಯ್ದು ಬಿಸಿಲಿಗೆ ಹಿಡಿಯೋಣು. ಹಣ್ಣಾಗೈತಿ ಅಂತ ಎರ್ರಿಯಪ್ಪಜ್ಜ ಹೇಳಿದ ದಿನದಿಂದ ಎಂಟು ದಿನದೊಳಗ ಆ ಕಬ್ಬು ಗಾಣಕ್ಕ ಬೀಳಬೇಕು. ನಾಕು ಎಕರೆ ಇರಲಿ, ಅರ್ಧ ಎಕರೆ ಇರಲಿ."

"ಹಂಗಂದ್ರ ಹೊಳಿಯಾಗ ನಿಂತು ಆಣಿ ಮಾಡಿದ್ದೇನಾತು?" ಜಡೆಪ್ಪ ಎದ್ದ. "ಅಕ್ಕ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ನಿನ್ನ ಸಂಕಟ ಭಾಳ ದೊಡ್ಡದು, ಅದರಿಂದನ ಈ ಗಾಣ ಬಂತು. ಆದ್ರ ಸಂಕಟಕ್ಕ ಕಣ್ಣಿಲ್ಲ. ಇವತ್ತು ಕಬ್ಬಿನಾಗ ತಪ್ಪಿತು, ನಾಳೆ ಇನ್ನೊಂದರಾಗ ತಪ್ಪತೈತಿ. ನಿನಗ ಆಣಿ ಮುಖ್ಯ, ನಮಗ ಬೆಲ್ಲ ಮುಖ್ಯ."

ತುಂಬ ನ್ಯಾಯವಾದ ಮಾತು. ಕೆಲವರು ತಲೆಯಾಡಿಸಿದರು.

"ತುದಿಯವರು ಕಾಯಂಗಿಲ್ಲ ಅಂದಿದ್ದೆ" ಎಂದಳು ವಿರುಪಮ್ಮ. "ಯಾಕ ಅಂದೆ? ಕಾಯೋದರಿಂದ ಕಬ್ಬು ಒಣಗತೈತಿ ಅಂತ. ಒಣಗಬಾರದು ಅಂಬೋದು ನನ್ನ ಆಣಿ. ತುದಿಯಿಂದ ಸುರುಮಾಡೋದು ಅದಕ್ಕ ನಾನು ಹುಡುಕಿದ ಹಾದಿ. ಹಾದಿ ತಪ್ಪು ಅಂತ ಕಾಲುವಿ ನಡದು ನೋಡಿದೆ, ಬಿಟ್ಟೆ. ಆಣಿ ಬಿಡಂಗಿಲ್ಲ. ನನ್ನನ್ನ ತಗೀತೀರಿ ಅಂದ್ರ ತಗೀರಿ, ಎಂಟು ದಿನದ ಮಾತು ಮಾತ್ರ ಉಳಸ್ರಿ."

ಆಗ ಮೂಕಪ್ಪ, ಸಭೆಯಲ್ಲಿ ಎಂದೂ ಮಾತಾಡದವನು, ಕುಳಿತಲ್ಲಿಂದಲೇ ಪಂಪಣ್ಣನನ್ನು ಕೇಳಿದ: "ನೀವು ಮ್ಯಾನೇಜರ್ ಆದ್ರ ಪಾಳಿ ಹೆಂಗ್ರಿ?"

ಪಂಪಣ್ಣ ಕೆಟ್ಟವನಲ್ಲ. ಮೋಸ ಮಾಡಲು ಬಂದವನೂ ಅಲ್ಲ. ತನಗೆ ತಿಳಿದದ್ದನ್ನು ನೇರವಾಗಿ ಹೇಳಿದ. "ಹಣ್ಣಾಗಿದ್ದು ಮೊದಲು ಅಂಬೋದು ನನಗೂ ಒಪ್ಪಿಗಿ. ಆದ್ರ ದೊಡ್ಡ ಹೊಲ ಮೊದಲು. ಗಾಣ ನಿಲ್ಲಬಾರದು ನೋಡ್ರಿ. ಅರ್ಧ ಎಕರೆಗೆ ಅಂತ ಗಾಣ ತಡದು, ಕೊಪ್ಪರಿಗಿ ತೊಳದು, ಎತ್ತು ಬದಲಿಸಿ, ಅದೆಲ್ಲಾ ಲುಕ್ಸಾನು. ಸಣ್ಣ ಹೊಲದವರನ್ನೆಲ್ಲ ಒಟ್ಟು ಮಾಡಿ ಕಡೀಕ ನೋಡೋಣು."

"ಕಡೀಕ ಅಂದ್ರ?"

"ಸ್ವಲ್ಪ ಕಾಯಬೇಕಾಗತೈತಿ."

ತಣ್ಣನೆಯ ತಲೆಯೆಂದರೆ ಇದೇ. ಎಲ್ಲವನ್ನೂ ನೋಡುತ್ತದೆ, ಗಾಣ ಯಾರಿಗಾಗಿ ಬಂತೆಂಬುದೊಂದನ್ನು ಬಿಟ್ಟು. ಅದನ್ನು ಆಡಳಿತವೆಂದು ಕರೆಯುವವರು ಈಗಲೂ ಇದ್ದಾರೆ. ಅವರ ಮಾತಿಗೆ ತಲೆದೂಗುವ ನಾವೂ ಇದ್ದೇವೆ.

ಕೈ ಎತ್ತಿಸಿದರು. ವಿರುಪಮ್ಮ ತಾನು ಎತ್ತಲಿಲ್ಲ. ಅವಳೇ ಗಾಣ ನಡೆಸಲಿ ಎಂದವರು ಹತ್ತೊಂಬತ್ತು, ಪಂಪಣ್ಣ ಬರಲಿ ಎಂದವರು ಹನ್ನೊಂದು. ಹನ್ನೊಂದರಲ್ಲಿ ಮೊದಲು ಎದ್ದ ಕೈ ಜಡೆಪ್ಪನದು. ಪಂಪಣ್ಣ ಎಲ್ಲರಿಗೂ ಕೈಮುಗಿದು ಹೊರಟ.

ಮರುದಿನ ಮುಂಜಾನೆ ವಿರುಪಮ್ಮ ಜಡೆಪ್ಪನ ಮನೆಯ ಮುಂದೆ ನಿಂತು, "ಬಂಡಿ ಕಟ್ಟು. ಮೊದಲ ಪಾಳಿ ನಿಂದು" ಎಂದಳು. ಅವಳಿಗಾಗಿ ಕೈ ಎತ್ತಿದವರಲ್ಲಿ ಇಬ್ಬರು ಗೊಣಗಿದರು, ವಿರುದ್ಧ ನಿಂತವನಿಗೇ ಮೊದಲ ಪಾಳಿಯೇ ಎಂದು. "ಯಾರು ಎಲ್ಲಿ ಕೈ ಎತ್ತಿದ್ರು ಅಂತ ಕಬ್ಬಿಗೆ ಗೊತ್ತಿಲ್ರಪ್ಪ" ಎಂದು ಅವಳು ಮುಂದೆ ನಡೆದಳು. ಎರಡನೆಯ ಪಾಳಿ ತುದಿಯ ಹುಲುಗಮ್ಮನ ಕೂಳೆ ಕಬ್ಬಿಗೆ. ಬೆಲ್ಲ ಹೊನ್ನಿನ ಬಣ್ಣಕ್ಕೆ ಬಂತು. ಕೊಟ್ರಬಸಪ್ಪ ತಾನಾಡಿದ ಮಾತಿಗೆ ಕಟ್ಟುಬಿದ್ದು ಕೊಳ್ಳಲಿಲ್ಲ. ಆದರೆ ಹೊಸಪೇಟೆಯಲ್ಲಿ ಇದ್ದದ್ದು ಅವನದೊಂದೇ ಅಂಗಡಿಯಲ್ಲ; ಬೆಲ್ಲ ಬೇರೆಯವರಿಗೆ ಮಾರಿಹೋಯಿತು.

ಶಿವರಾತ್ರಿ ಕಳೆಯಿತು. ಬಿಸಿಲು ಏರಿತು. ಒಂದು ಗಾಣದ ಉರುಳೆ ಬಿರುಕುಬಿಟ್ಟು ದುರಸ್ತಿಗೆ ಹೋಗಿತ್ತು. ಉಳಿದ ಒಂದರ ಮೇಲೆ ಜಡೆಪ್ಪನ ಎರಡನೆಯ ಹೊಲದ ಕಬ್ಬು ಓಡುತ್ತಿತ್ತು. ಮೂಕಪ್ಪನ ಕಬ್ಬು ಹಣ್ಣಾಗಿದೆಯೆಂದು ಎರ್ರಿಯಪ್ಪ ಹೇಳಿ ಅಂದಿಗೆ ಎಂಟನೆಯ ದಿನ. ಮೂಕಪ್ಪ ಮಾತ್ರ ಆಲೆಮನೆಯ ಕಡೆ ತಲೆ ಹಾಕಿರಲಿಲ್ಲ. ಕಾಯುವುದು ಅವನಿಗೆ ರೂಢಿ.

ವಿರುಪಮ್ಮ ಬೆಳಿಗ್ಗೆಯೇ ಬಂದು ಜಡೆಪ್ಪನಿಗೆ ಹೇಳಿದಳು: "ಕಡದು ಹಾಕಿದ್ದನ್ನ ಮಧ್ಯಾಹ್ನದೊಳಗ ಮುಗಸು. ಆಮ್ಯಾಲೆ ಮೂಕಪ್ಪನ ಪಾಳಿ."

"ಇನ್ನೂ ಎರಡು ದಿನದ ಕಬ್ಬು ನಿಂತೈತಿ ನಂದು. ಅರ್ಧ ಎಕರೆಗೆ ಗಾಣ ಬಿಡಬೇಕೇನು?"

"ನಿಂದು ಹಣ್ಣಾಗಿ ಮೂರು ದಿನ. ಅವಂದು ಇವತ್ತಿಗೆ ಎಂಟು. ಎಣಸಿ ನೋಡು."

ಜಡೆಪ್ಪ ನಿಜವಾಗಿಯೂ ಬೆರಳು ಮಡಿಸಿ ಎಣಿಸಿದ. ಸುತ್ತಲಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ಅವನು ಸಂಘದಲ್ಲೇ ಹೆಚ್ಚು ಕಬ್ಬು ತರುವವನು. ಮುನಿಸಿಕೊಂಡು ಹಳೆಯ ಜಗಲಿಗೆ ಮರಳಿದರೆ ಅವನ ಹಿಂದೆ ಹತ್ತು ಮಂದಿ ಹೋಗುವವರಿದ್ದರು. ಅವಳಿಗೂ ಅದು ಗೊತ್ತಿತ್ತು. ಆದರೂ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೊನೆಯ ಜಲ್ಲೆ ಉರುಳೆಗಳ ನಡುವೆ ಹೋಯಿತು.

ಮೂಕಪ್ಪ ಕಬ್ಬು ಹೇರಿಕೊಂಡು ಬಂದ. ಬಂಡಿ ಪಕ್ಕದ ಮನೆಯವರದು. ಅವನ ಎತ್ತುಗಳಲ್ಲಿ ಒಂದು ಕುಂಟುತ್ತಿತ್ತು. ಜಡೆಪ್ಪ ಗಾಣದ ನೊಗದ ಹಗ್ಗಕ್ಕೆ ಹಾಕಿದ್ದ ಕೈ ಹಿಂದೆಗೆದು, "ಇರಲಿ ಬಿಡು, ನನ್ನ ಎತ್ತು ನೊಗದಾಗ ಇರಲಿ. ಜಲ್ದಿ ಮುಗಸು, ಮೂಕ" ಎಂದು ಪಕ್ಕಕ್ಕೆ ಹೋಗಿ ಕುಳಿತ.

ಪದ್ಧತಿಯಂತೆ ದಾರಿಹೋಕರಿಗೆಲ್ಲ ಹಾಲು ಹಂಚಿದರು. ಆ ಕಡೆ ಕಬ್ಬಿನ ರಸಕ್ಕೆ ಹಾಲು ಎಂದೇ ಹೆಸರು. ಎರ್ರಿಯಪ್ಪ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟ; ಅದು ಗುಂಡಗೆ ಕೂತಿತು. ಮರುದಿನ ಗುಂಡಿಯಿಂದ ಎತ್ತಿದ ಪೆಂಟೆಯ ಮೇಲೆ ಅವನು ಬೆರಳ ಗಣ್ಣಿನಿಂದ ಬಡಿದ. ಮಡಕೆ ಬಡಿದಂತೆ ಟಣ್ಣೆಂದಿತು.

ಮೂಕಪ್ಪ ಪೆಂಟೆಯ ಮೇಲೆ ಅಂಗೈಯಿಟ್ಟುಕೊಂಡು ನಿಂತೇ ಇದ್ದ. ಅವನ ಮನೆತನದಲ್ಲಿ ಕಬ್ಬು ಬೆಳೆದವರು ಮೂರು ತಲೆಮಾರು; ಗಟ್ಟಿ ಬೆಲ್ಲ ಕಂಡವನು ಅವನೇ ಮೊದಲಿಗ. ವಿರುಪಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಹೊಳೆಯಲ್ಲಿ ನೀರು ಹಿಡಿದ ದಿನ ಅವಳಿಗೆ ಕಣ್ಣೀರು ಬಂದಿತ್ತು. ಇಂದು ಬರಲಿಲ್ಲ. ಕತ್ತು ತಾನಾಗಿ ನೆಟ್ಟಗಾಯಿತು.

"ಮುಂದಿನ ಸಭಾದಾಗೂ ನಾನು ನಿನ್ನ ವಿರುದ್ಧ ಮಾತಾಡಾಂವನ ಅಕ್ಕ" ಎಂದ ಜಡೆಪ್ಪ, ತನ್ನ ಕಬ್ಬಿನ ಹೊರೆ ಬಿಚ್ಚುತ್ತ.

"ಅದಕ್ಕಂತನ ಸಭಾಕ್ಕ ನಿನ್ನ ಮೊದಲು ಕರೀತೀನಿ" ಎಂದಳು.

ಹಾಗಾದರೆ, ಒಂದು ಧ್ಯೇಯಕ್ಕೆ ಬದುಕನ್ನು ತೆತ್ತವರು ಅದನ್ನು ನಡೆಸಬಲ್ಲರೇ? ಬಲ್ಲರು. ಧ್ಯೇಯವನ್ನು ಹಿಡಿದುಕೊಂಡೇ ಹಾದಿಯನ್ನು ಬಿಡಬಲ್ಲವರಾದರೆ, ಬಾಡಿಗೆಯ ತಣ್ಣನೆಯ ತಲೆಗಳಿಗಿಂತ ಸಾವಿರ ಪಾಲು ಚೆನ್ನಾಗಿ ನಡೆಸಬಲ್ಲರು. ಆದರೆ ಹಾದಿ ತಪ್ಪಿದೆಯೆಂದು ಅವರಿಗೆ ಹೇಳುವವರು ಬೇಕು. ಕಂಪ್ಲಿಯಲ್ಲಿ ಎರ್ರಿಯಪ್ಪ ಹೇಳಿದ, ಮಿಕ್ಕವರು ನಕ್ಕರು. ನಿಮ್ಮ ಊರಿನಲ್ಲಿಯೂ ಸಂಘವಿದೆ, ಶಾಲೆಯಿದೆ, ಅದನ್ನು ಕಟ್ಟಿದ ಒಬ್ಬರು ಇದ್ದಾರೆ. ಅವರು ಇಂದು ಏನೋ ಒಂದು ತಪ್ಪು ಮಾಡುತ್ತಿದ್ದಾರೆ, ಅದು ನಿಮಗೆ ಗೊತ್ತಿದೆ. ಈ ಪುಸ್ತಕವನ್ನು ಮುಚ್ಚಿಡಿರಿ. ನಾಳೆಯೇ ಅವರ ಮನೆಗೆ ಹೋಗಿ, ಎದುರು ಕುಳಿತು, ಆ ತಪ್ಪನ್ನು ಅವರ ಮುಖಕ್ಕೇ ಹೇಳಿರಿ. ಹೇಳಿ, ಅದನ್ನು ಸರಿಪಡಿಸುವ ಕೆಲಸಕ್ಕೆ ಅವರ ಜೊತೆಯಲ್ಲೇ ಎದ್ದು ನಡೆಯಿರಿ.